ಸ್ವನಿರ್ಮಿತ ವಿಮಾನಗಳ ಪರೀಕ್ಷಾ ಹಾರಾಟದ ಅವಧಿ: ಅರ್ಜಿದಾರರ ಅವಗಾಹನೆಗೆ

ಹವ್ಯಾಸಿಗಳು ಸ್ವತಃ ನಿರ್ಮಿಸಿದ ವಿಮಾನಕ್ಕೆ ನೋಂದಣಿ ದೊರೆತ ಮಾತ್ರಕ್ಕೆ ಅದನ್ನು ಹಾರಿಸಲು ಅನುಮತಿ ದೊರೆತಂತಾಗುವುದಿಲ್ಲ. ಮುಂಬಯಿಯ ವಿಮಾನಚಾಲಕ ಅಮೋಲ್ ಯಾದವ್ ಅವರು ನಿರ್ಮಿಸಿದ ಆರು ಆಸನಗಳ ವಿಮಾನವು 2017ರ ನವೆಂಬರ್‌ನಲ್ಲಿ ನೋಂದಣಿಯಾಯಿತು. ಹಾರಾಟದ ಅನುಮತಿ ದೊರೆತದ್ದು 2019ರ ಅಕ್ಟೋಬರ್‌ನಲ್ಲಿ.

ಕಾರ್ಖಾನೆಯ ವಿಮಾನದ ಮಾದರಿಯು ಮಾರಾಟಕ್ಕೆ ಮುನ್ನವೇ ಪರೀಕ್ಷೆಗೆ ಒಳಪಟ್ಟಿರುತ್ತದೆ. ಸ್ವನಿರ್ಮಿತ ವಿಮಾನದ ದೋಷಗಳಾದರೋ ಮೊದಲ ಹಾರಾಟಗಳಲ್ಲಿ ಪ್ರಕಟವಾಗುವ ಸಂಭವವಿರುತ್ತದೆ. ಆದುದರಿಂದ ಅಮೆರಿಕದಲ್ಲಿ, ಪ್ರಮಾಣೀಕೃತ ಎಂಜಿನ್ ಮತ್ತು ಪ್ರೊಪೆಲ್ಲರ್ ಜೋಡಣೆಯಿದ್ದಲ್ಲಿ ಸಾಮಾನ್ಯವಾಗಿ 25 ಗಂಟೆ, ಇಲ್ಲವಾದಲ್ಲಿ 40 ಗಂಟೆಗಳ ಪರೀಕ್ಷಾ ಹಾರಾಟವನ್ನು ಗೊತ್ತುಪಡಿಸಿದ ಪ್ರದೇಶದೊಳಗೇ ನಡೆಸತಕ್ಕದ್ದು. ಈ ಅವಧಿಯಲ್ಲಿ ಪ್ರಯಾಣಿಕರನ್ನು ಕರೆದೊಯ್ಯುವಂತಿಲ್ಲ. ಗಂಟೆಗಳ ಬದಲು ನಿಗದಿತ ಪರೀಕ್ಷೆಗಳನ್ನು ಪೂರೈಸುವ ಪರ್ಯಾಯವನ್ನು 2023ರಲ್ಲಿ ಕಲ್ಪಿಸಲಾಗಿದೆ.

ಬೆಳಗಾವಿಯಲ್ಲಿ ಈ ಎಚ್ಚರಿಕೆಗೆ ವಿಶೇಷ ಮಹತ್ವವಿದೆ. ಸಾಂಬ್ರಾದಲ್ಲಿ ನಾಗರಿಕ ವಿಮಾನ ನಿಲ್ದಾಣದೊಂದಿಗೆ ವಾಯುಪಡೆಯ ತರಬೇತಿ ಕೇಂದ್ರವೂ ಇದೆ. 2023ರ ಮೇ 30ರಂದು ತರಬೇತಿ ವಿಮಾನವೊಂದು ಸಮೀಪದ ಹೊನ್ನಿಹಾಳದ ಹೊಲದಲ್ಲಿ ತುರ್ತಾಗಿ ಇಳಿಯಿತು, ಪ್ರಾಣಹಾನಿಯಾಗಲಿಲ್ಲ. ಕಾರ್ಖಾನೆಯಲ್ಲಿ ತಯಾರಾದ ವಿಮಾನಕ್ಕೇ ಇಂತಹ ಸಂದರ್ಭ ಒದಗಬಹುದಾದಲ್ಲಿ, ಪರೀಕ್ಷೆಯಾಗದ ವಿಮಾನವನ್ನು ಖಾನಾಪುರದ ಬಯಲಿನಿಂದ ಹಾರಿಸುವುದು ಚಾಲಕನನ್ನಷ್ಟೇ ಅಲ್ಲದೆ ಕೆಳಗೆ ಗದ್ದೆಯಲ್ಲಿ ದುಡಿಯುವವರನ್ನೂ ಅಪಾಯಕ್ಕೆ ಗುರಿಪಡಿಸುತ್ತದೆ.

ವಿಮಾನಯಾನವು ಸಂವಿಧಾನದ ಕೇಂದ್ರ ಪಟ್ಟಿಗೆ ಸೇರಿದ ವಿಷಯವಾಗಿದೆ. ತಾಲ್ಲೂಕು ಅಥವಾ ಜಿಲ್ಲಾ ಕಚೇರಿಯ ಪತ್ರವು ಹಾರಾಟದ ಅನುಮತಿಯಾಗಲಾರದು. ಆದ್ದರಿಂದ ಆಸಕ್ತರು ನಿರ್ಮಾಣಕ್ಕೆ ಹಣ ತೊಡಗಿಸುವ ಮುನ್ನವೇ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವನ್ನು ಸಂಪರ್ಕಿಸಿ, ನೋಂದಣಿ, ಪರೀಕ್ಷಾ ಹಾರಾಟದ ಷರತ್ತುಗಳು ಹಾಗೂ ಸ್ಥಳದ ಬಗ್ಗೆ ಲಿಖಿತ ಮಾಹಿತಿ ಪಡೆಯುವುದು ಸೂಕ್ತ.