ಅನ್ನ ಹಾಕಿದವರ ಹೊಣೆ: ಠಾಣೆಯ ನಾಯಿಯಿಂದ ಬೀದಿಯ ನಾಯಿವರೆಗೆ



2016ರ ಫೆಬ್ರವರಿ 3ರಂದು ಸಿಯಾಚಿನ್‌ನ ಸೋನಂ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಯೋಧರು ಹೂತುಹೋದದ್ದು ನಮಗೆಲ್ಲ ನೆನಪಿದೆ. ಅದು ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ ಕಾಯುತ್ತಿದ್ದ ಠಾಣೆ. ಆ ರೆಜಿಮೆಂಟಿನ ಕೇಂದ್ರ ಇರುವುದು ನಮ್ಮ ವೆಲಿಂಗ್ಟನ್‌ನಲ್ಲಿ. ಹಾಸನದ ತೇಜೂರಿನ ನಾಗೇಶ್, ಎಚ್.ಡಿ. ಕೋಟೆಯ ಮಹೇಶ್, ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಆ ಹತ್ತು ಮಂದಿಯಲ್ಲಿದ್ದರು. ಆರು ದಿನಗಳ ನಂತರ ಹನುಮಂತಪ್ಪನವರು ಜೀವಂತ ಸಿಕ್ಕರು. 11ರಂದು ದೆಹಲಿಯಲ್ಲಿ ತೀರಿಕೊಂಡರು. ಆ ಹುಡುಕಾಟದಲ್ಲಿ ಡಾಟ್, ಮಿಶಾ ಎಂಬ ಎರಡು ಸೇನಾ ನಾಯಿಗಳೂ ದುಡಿದವು.

ಸೇನೆಯ ನಾಯಿಗೆ ತರಬೇತಿಯಿದೆ, ವೈದ್ಯರಿದ್ದಾರೆ, ಲೆಕ್ಕದ ಪಡಿತರವಿದೆ. ಆದರೆ ಗಡಿಠಾಣೆಗಳಲ್ಲಿ ಇನ್ನೊಂದು ಬಗೆಯ ನಾಯಿಯೂ ಇರುತ್ತದೆ. ಎಲ್ಲಿಂದಲೋ ಬಂದು ಸೇರಿಕೊಂಡದ್ದು. ಸೈನಿಕ ಅರ್ಧ ರೊಟ್ಟಿ ಹಾಕುತ್ತಾನೆ, ಅದು ರಾತ್ರಿ ಬೊಗಳಿ ಎಚ್ಚರಿಸುತ್ತದೆ. ಮನೆಮಂದಿಯಿಂದ ದೂರವಿರುವವನಿಗೆ ಅದೇ ಸಂಗಾತಿ.

ಕಷ್ಟ ಬರುವುದು ತುಕಡಿ ಬದಲಾದಾಗ. ಬ್ರಿಟಿಷ್ ಯೋಧ ಪೆನ್ ಫಾರ್ದಿಂಗ್ 2006ರಲ್ಲಿ ಅಫ್ಘಾನಿಸ್ತಾನದ ನೌಜಾದ್‌ನಲ್ಲಿ ಒಂದು ಬೀದಿನಾಯಿಯನ್ನು ಸಾಕಿಕೊಂಡರು. ಬಿಟ್ಟುಬರಲು ಮನಸ್ಸಾಗದೆ ಆ ಊರಿನ ಹೆಸರಲ್ಲೇ ಸಂಸ್ಥೆ ಕಟ್ಟಿದರು. 2021ರಲ್ಲಿ ಕಾಬೂಲ್ ಬಿದ್ದಾಗ ಪ್ರಾಣಿಗಳನ್ನು ವಿಮಾನದಲ್ಲಿ ಸಾಗಿಸಿ, ಮನುಷ್ಯರೇ ಕಾದಿರುವಾಗ ಇದು ಸರಿಯೇ ಎಂಬ ಟೀಕೆಯನ್ನೂ ಕೇಳಿದರು. ಎಲ್ಲರಿಗೂ ಅಂಥ ಯಜಮಾನ ಸಿಗುವುದಿಲ್ಲ. ಲಡಾಖ್‌ನಲ್ಲಿ ಶಿಬಿರಗಳ, ಪ್ರವಾಸಿಗರ ಉಳಿಕೆ ಅನ್ನ ತಿಂದು ಬೆಳೆದ ನಾಯಿಗಳು ಹಿಂಡುಗಟ್ಟಿ, ಕಪ್ಪುಕತ್ತಿನ ಕೊಕ್ಕರೆಯ ಗೂಡುಗಳಿಗೂ ಕಂಟಕವಾಗಿವೆ.

ನಮ್ಮ ಜಿಲ್ಲೆಯಲ್ಲೂ ಇದೇ ಕಥೆ. ಊಟಿ, ಮಸಿನಗುಡಿಯಲ್ಲಿ ಸೀಸನ್ ಇದ್ದಾಗ ಬಿಸ್ಕತ್ತು ಹಾಕುವವರು ಸಾಲುಗಟ್ಟುತ್ತಾರೆ, ಮಳೆಗಾಲದಲ್ಲಿ ಒಬ್ಬರೂ ಇರುವುದಿಲ್ಲ. ನಾಯಿ ಇದ್ದಲ್ಲಿಗೆ ಚಿರತೆ ಬರುತ್ತದೆ. ಲಸಿಕೆಯಿಲ್ಲದ ನಾಯಿಯ ರೋಗ ಮುದುಮಲೆಯ ಕೆನ್ನಾಯಿಗೂ ತಗಲಬಹುದು. ನಮ್ಮ ಮಕ್ಕಳಿಗೆ ರೇಬಿಸ್ ಭಯ ಬೇರೆ.

ಸುಪ್ರೀಂ ಕೋರ್ಟ್ 2025ರ ಆಗಸ್ಟ್ 11ರಂದು ದೆಹಲಿ ಸುತ್ತಲಿನ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಕ್ಕೆ ಹಾಕಿ ಎಂದಿತು. 22ರಂದು ಅದನ್ನು ತಿದ್ದಿ, ಸಂತಾನಹರಣ ಮತ್ತು ಲಸಿಕೆ ಮುಗಿಸಿ ಹಿಡಿದ ಜಾಗಕ್ಕೇ ಬಿಡಿ, ರೇಬಿಸ್ ಇರುವವನ್ನೂ ಮೇಲೆರಗುವವನ್ನೂ ಬಿಡಬೇಡಿ, ಗೊತ್ತುಮಾಡಿದ ಜಾಗದಲ್ಲಿ ಮಾತ್ರ ಅನ್ನ ಹಾಕಿ ಎಂದಿತು. ನವೆಂಬರ್ 7ರ ಆದೇಶದಂತೆ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಲ್ಲಿ ಹಿಡಿದವನ್ನು ಮತ್ತೆ ಅಲ್ಲಿಗೆ ಬಿಡುವಂತಿಲ್ಲ. ಆದೇಶ ದೆಹಲಿಯಿಂದ ಬರಬಹುದು, ಕೆಲಸ ಮಾತ್ರ ನಮ್ಮ ಬೀದಿಯಲ್ಲೇ ಆಗಬೇಕು.

ಈ ವಿಷಯದಲ್ಲಿ ನಮ್ಮ ಜಿಲ್ಲೆ ಅದೃಷ್ಟಶಾಲಿ. ಮಾವನಲ್ಲದಲ್ಲಿ ಇಂಡಿಯಾ ಪ್ರಾಜೆಕ್ಟ್ ಫಾರ್ ಅನಿಮಲ್ಸ್ ಅಂಡ್ ನೇಚರ್, ಊಟಿ ಬಳಿ ವರ್ಲ್ಡ್‌ವೈಡ್ ವೆಟರ್ನರಿ ಸರ್ವಿಸ್‌ನ ತರಬೇತಿ ಕೇಂದ್ರ ಇವೆ.

ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟೇ. ದಿನಾ ಅನ್ನ ಹಾಕುವ ನಾಯಿಗೆ ವರ್ಷಕ್ಕೊಮ್ಮೆ ಲಸಿಕೆಯನ್ನೂ ಹಾಕಿಸಿ. ಮನೆ ಬದಲಿಸುವಾಗ, ವರ್ಗವಾದಾಗ ಅದನ್ನು ಯಾರಿಗೆ ಒಪ್ಪಿಸುವಿರೆಂದು ಮೊದಲೇ ಗೊತ್ತುಮಾಡಿ. ನಾಯಿ ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಮೆತ್ತಬೇಡಿ. ಗೂಡಲೂರು, ಮಸಿನಗುಡಿ ಭಾಗದವರು ತಮ್ಮ ಬೀದಿಯ ನಾಯಿಗಳ ಪಟ್ಟಿ ಮಾಡಿ ಮುಂದಿನ ಮಾಸಿಕ ಸಭೆಗೆ ತನ್ನಿ. ಲಸಿಕೆಯ ವ್ಯವಸ್ಥೆಯನ್ನು ಅಲ್ಲೇ ಮಾತಾಡೋಣ.

– ಕಾರ್ಯದರ್ಶಿ