ಹಕ್ಕಿಗಳ ಲೆಕ್ಕ ಜಮೀನಿನ ಕಡತಕ್ಕೂ ಸೇರಲಿ

ಗುರುಗ್ರಾಮದ ಕಂಪನಿಯೊಂದರಲ್ಲಿ ದತ್ತಾಂಶ ವಿಶ್ಲೇಷಣೆ ನನ್ನ ಕೆಲಸ. ಯಾವ ಗ್ರಾಹಕ ಆ್ಯಪ್ ಬಿಟ್ಟುಹೋಗಲಿದ್ದಾನೆ ಎಂಬುದನ್ನು ಅವನು ಹೋಗುವ ಮೊದಲೇ ಪತ್ತೆಹಚ್ಚುತ್ತೇವೆ. ಇದೇ ಲೆಕ್ಕಾಚಾರ ಹಕ್ಕಿಗಳ ವಿಷಯದಲ್ಲೂ ನಡೆಯುತ್ತಿದೆ, ಚೆನ್ನಾಗಿಯೇ ನಡೆಯುತ್ತಿದೆ. ಆದರೆ ಜಮೀನಿನ ಭವಿಷ್ಯ ನಿರ್ಧಾರವಾಗುವ ಮೇಜಿಗೆ ಅದು ತಲುಪುತ್ತಿಲ್ಲ.

ನಗರದ ಅಂಚಿನ ಬಸಾಯಿಯನ್ನೇ ನೋಡಿ. ಬರ್ಡ್‌ಲೈಫ್ ಇಂಟರ್‌ನ್ಯಾಷನಲ್ ಗುರುತಿಸಿದ್ದ ಮಹತ್ವದ ಪಕ್ಷಿತಾಣ ಅದು. ಹಕ್ಕಿ ನೋಡುವವರು ವರ್ಷಗಟ್ಟಲೆ ಅಲ್ಲಿ ಕಂಡದ್ದನ್ನೆಲ್ಲ ಹಕ್ಕಿ ದಾಖಲೆಗಳ ಜಾಲತಾಣ ಇ-ಬರ್ಡ್‌ಗೆ ಸೇರಿಸಿದ್ದರು. ಆದರೆ ಸರ್ಕಾರ ಅಧಿಸೂಚಿಸಿದ ಜೌಗುಪ್ರದೇಶಗಳಲ್ಲಿ ಬಸಾಯಿಯ ಹೆಸರಿರಲಿಲ್ಲ. ಕಟ್ಟಡ ತ್ಯಾಜ್ಯ ಸಂಸ್ಕರಣಾ ಘಟಕಕ್ಕೆ ಅದೇ ಜಾಗ ನಿಗದಿಯಾಯಿತು. 2017ರಲ್ಲಿ ಡೆಲ್ಲಿ ಬರ್ಡ್ ಫೌಂಡೇಶನ್ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿದರೂ ಘಟಕ ಬಂದೇ ಬಂತು. ಹತ್ತಿರದ ಸುಲ್ತಾನ್‌ಪುರ ಮಾತ್ರ ಸರ್ಕಾರಿ ಪಟ್ಟಿಯಲ್ಲಿದೆ: 1991ರಿಂದ ರಾಷ್ಟ್ರೀಯ ಉದ್ಯಾನ, 2021ರಿಂದ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ.

ಹವ್ಯಾಸಿಗಳ ಪಟ್ಟಿಯನ್ನು ಎಷ್ಟು ನಂಬಬಹುದು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ನೋಡುವವರು ಹೆಚ್ಚಿದರೆ ದಾಖಲೆಗಳೂ ಹೆಚ್ಚುತ್ತವೆ, ಹಕ್ಕಿಗಳೇ ಹೆಚ್ಚಾದಂತೆ ಕಾಣುತ್ತದೆ. ಅದಕ್ಕೇ ವಿಜ್ಞಾನಿಗಳು ಬರೀ ಸಂಖ್ಯೆ ಎಣಿಸುವುದಿಲ್ಲ. ಕಂಡ ಎಲ್ಲ ಹಕ್ಕಿಗಳನ್ನೂ ಬರೆದ ಪೂರ್ಣ ಪಟ್ಟಿಗಳನ್ನಷ್ಟೇ ಆರಿಸಿ, ಅಂಥ ನೂರು ಪಟ್ಟಿಗಳಲ್ಲಿ ಎಷ್ಟರಲ್ಲಿ ಒಂದು ಹಕ್ಕಿಯಿದೆ ಎಂದು ನೋಡುತ್ತಾರೆ. ಪಟ್ಟಿ ಪೂರ್ಣವಾಗಿದ್ದರೆ ಕಾಣದೇ ಹೋದದ್ದೂ ಮಾಹಿತಿಯೇ. ಹೀಗೆ ಸಿದ್ಧವಾದ 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ 30,000ಕ್ಕೂ ಹೆಚ್ಚು ವೀಕ್ಷಕರ ಸುಮಾರು 3 ಕೋಟಿ ದಾಖಲೆಗಳನ್ನು ಆಧರಿಸಿ 942 ಪ್ರಭೇದಗಳನ್ನು ಪರಿಶೀಲಿಸಿತು. ದೀರ್ಘಕಾಲದ ಏರಿಳಿತ ಹೇಳಲು ಸಾಧ್ಯವಾದ 338 ಪ್ರಭೇದಗಳಲ್ಲಿ ಶೇ 60ರಷ್ಟು ಇಳಿಮುಖವಾಗಿವೆ. ನಮ್ಮ ಕರ್ನಾಟಕದ ರಾಜ್ಯಪಕ್ಷಿ ನೀಲಕಂಠ ಎಷ್ಟು ಇಳಿದಿದೆಯೆಂದರೆ, ಅಳಿವಿನ ಅಪಾಯ ಸೂಚಿಸುವ ಜಾಗತಿಕ ಕೆಂಪು ಪಟ್ಟಿಯಲ್ಲಿ ಅದರ ಸ್ಥಾನವನ್ನು ಮರುಪರಿಶೀಲಿಸಬೇಕೆಂದು ವರದಿ ಕೇಳಿದೆ.

ಈ ಪಟ್ಟಿಗಳ ಒಂದು ಕೊರತೆ ಮಾತ್ರ ನನ್ನನ್ನು ಕಾಡುತ್ತದೆ. ಕಾರು ಹೋಗುವ ಕಡೆ, ರಜೆಯ ದಿನ ಪಟ್ಟಿಗಳು ದಟ್ಟ; ಒಳಗಿನ ಹಳ್ಳಿಗಳ ಕೆರೆಗಳಲ್ಲಿ ವಿರಳ. ಪಟ್ಟಿ ಇಲ್ಲದ ಜಾಗವನ್ನು ಹಕ್ಕಿ ಇಲ್ಲದ ಜಾಗವೆಂದು ಯಾರೂ ವಾದಿಸಬಾರದು.

ದಾಖಲೆ ಹಿಡಿದು ಪಟ್ಟುಬಿಡದೆ ನಿಂತರೆ ಏನಾಗಬಹುದೆಂಬುದಕ್ಕೆ ಬೆಂಗಳೂರಿನ ಪಕ್ಕದ ಹೆಸರಘಟ್ಟವಿದೆ. ಅಲ್ಲಿನ ಹುಲ್ಲುಗಾವಲನ್ನು ಸಂರಕ್ಷಿಸುವ ಪ್ರಸ್ತಾವವನ್ನು 2021ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ತಳ್ಳಿಹಾಕಿತ್ತು. 2024ರಲ್ಲಿ ಸುಮಾರು 5,678 ಎಕರೆಯ ಸಂರಕ್ಷಿತ ಪ್ರದೇಶಕ್ಕೆ ಸಚಿವ ಸಂಪುಟ ಒಪ್ಪಿತು.

ಆದರೆ ಪ್ರತಿ ಕೆರೆಗೂ ಅಷ್ಟು ದೊಡ್ಡ ಹೋರಾಟ ಕಟ್ಟಲಾಗದು. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಒಂದು ಸಮಿತಿ, ಆ ಸಮಿತಿಯ ಬಳಿ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ವೀಕ್ಷಕರ ಪಟ್ಟಿಗಳು ನೇರ ಅದಕ್ಕೆ ಸೇರಲಿ. ಭೂಬಳಕೆ ಬದಲಾವಣೆಯ ಅರ್ಜಿ ಬಂದಾಗ ಆ ಸರ್ವೆ ನಂಬರಿನ ದಾಖಲೆ, ವಿಶ್ಲೇಷಣೆ ಎರಡೂ ಕಡತದಲ್ಲಿರಲಿ. ಪಟ್ಟಿಯೇ ಇಲ್ಲದಿದ್ದರೆ, ಒಂದು ಮಳೆಗಾಲ, ಒಂದು ಚಳಿಗಾಲ ಸಮೀಕ್ಷೆ ಮುಗಿಯುವವರೆಗೆ ಸಹಿ ಬೀಳದಿರಲಿ. ದೆಹಲಿ–ಗುರುಗ್ರಾಮ ಗಡಿಯ ನಜಫ್‌ಗಢ ಜೀಲ್‌ನಿಂದ ಈ ಕೆಲಸ ಶುರುವಾಗಬಹುದು. ಅಲ್ಲಿನ ಪಟ್ಟಿಗಳು ಈಗಾಗಲೇ ಇವೆ, ಅವುಗಳನ್ನು ವಿಶ್ಲೇಷಿಸಬಲ್ಲವರು ಈ ಊರಿನ ಕಚೇರಿಗಳಲ್ಲಿ ಬೇಕಾದಷ್ಟು ಜನರಿದ್ದೇವೆ.