ಓಡುವ ಮೊದಲು ಮೈ ಕಾಯಲಿ

ಕ್ರೀಡಾದಿನದಂದು ಹಲವು ಶಾಲೆಗಳಲ್ಲಿ ಕಾಣುವ ನೋಟವೊಂದಿದೆ. ಎರಡು ಗಂಟೆಗಳ ಕಾಲ ನೆಲದ ಮೇಲೆ ಕುಳಿತಿದ್ದ ಹುಡುಗನು ತನ್ನ ಹೆಸರು ಕೇಳಿದೊಡನೆ ಎದ್ದುಬಂದು ನೂರು ಮೀಟರು ಓಟಕ್ಕೆ ನಿಲ್ಲುತ್ತಾನೆ. ನಡುದಾರಿಯಲ್ಲಿ ತೊಡೆಯನ್ನು ಹಿಡಿದುಕೊಂಡು ಕುಂಟಿದರೆ, ‘ಪಾಪ, ಅದೃಷ್ಟವಿಲ್ಲ’ ಎನ್ನುತ್ತೇವೆ. ಅದೃಷ್ಟವನ್ನು ದೂರುವ ಮೊದಲು ಸ್ನಾಯುವಿನ ಉಷ್ಣತೆಯನ್ನು ವಿಚಾರಿಸುವುದು ಮೇಲು.

ದೇಹದ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಸುಮ್ಮನೆ ಕುಳಿತವನ ತೊಡೆಯ ಸ್ನಾಯುಗಳು ಅದಕ್ಕಿಂತ ಎರಡು ಮೂರು ಡಿಗ್ರಿ ತಣ್ಣಗಿರುತ್ತವೆ. ತಣ್ಣನೆಯ ಸ್ನಾಯು ಚಳಿಗೆ ಗಟ್ಟಿಯಾದ ಕೀಲೆಣ್ಣೆಯಂತೆ: ಅದರ ಸ್ನಿಗ್ಧತೆ ಹೆಚ್ಚು, ಜೊತೆಗೆ, ಅದರೊಳಗಿನ ರಾಸಾಯನಿಕ ಕ್ರಿಯೆಗಳ ವೇಗ ಕಡಮೆ. ಸ್ನಾಯುವಿನ ಉಷ್ಣತೆ ಒಂದು ಡಿಗ್ರಿ ಏರಿದರೆ ಓಟ, ನೆಗೆತಗಳ ಸಾಮರ್ಥ್ಯ ಶೇಕಡಾ 2ರಿಂದ 5ರಷ್ಟು ಹೆಚ್ಚುವುದೆಂದು ಅಳತೆಗಳು ತೋರಿಸಿವೆ.

ಆ ಒಂದು ಡಿಗ್ರಿಯನ್ನು ಗಳಿಸುವುದು ಹೇಗೆ? ಔಂಧ ಸಂಸ್ಥಾನದ ಅರಸರಾಗಿದ್ದ ಭವಾನರಾವ್ ಪಂತ ಪ್ರತಿನಿಧಿಯವರು 1920ರ ದಶಕದಲ್ಲಿ ಶಾಲೆಗಳಿಗೆ ತಂದ ಸೂರ್ಯನಮಸ್ಕಾರವನ್ನೇ ವ್ಯಾಯಾಮವಾಗಿ ಪರಿಶೀಲಿಸೋಣ. ಅದರಲ್ಲಿ ಭುಜ, ಬೆನ್ನು, ಸೊಂಟ, ಮೊಣಕಾಲು, ಹರಡು ಎಲ್ಲವೂ ಚಲನೆಯಲ್ಲಿಯೇ ಚಾಚಿ ಮಡಿಯುತ್ತವೆ. 50 ಕಿಲೋಗ್ರಾಂ ತೂಕದ ವಿದ್ಯಾರ್ಥಿಯ ಗುರುತ್ವಕೇಂದ್ರ ಪ್ರತಿ ಸುತ್ತಿನಲ್ಲಿ ಸುಮಾರು 0.7 ಮೀಟರು ಇಳಿದು ಏರುತ್ತದೆಂದು ಹಿಡಿಯೋಣ. ಏರುವ ಕೆಲಸ ಸುಮಾರು 350 ಜೂಲು. ಸ್ನಾಯು ವ್ಯಯಿಸುವ ಶಕ್ತಿಯಲ್ಲಿ ಕಾಲುಭಾಗ ಮಾತ್ರ ಕೆಲಸವಾಗುವುದರಿಂದ ವೆಚ್ಚ 1400 ಜೂಲು. ವಿದ್ಯಾರ್ಥಿಯು ಕೊನೆಗೆ ಹೊರಟ ನಿಲುವಿಗೇ ಮರಳುವನಾದುದರಿಂದ, ಅಷ್ಟೂ ಶಕ್ತಿ ಶಾಖವಾಗಲೇಬೇಕು. ದುಡಿಯುವ ಸ್ನಾಯು 10 ಕಿಲೋಗ್ರಾಂ ಆದರೆ, ಅದನ್ನು ಒಂದು ಡಿಗ್ರಿ ಕಾಯಿಸಲು ಸುಮಾರು 35,000 ಜೂಲು ಬೇಕು. ಎಂದರೆ 25 ನಮಸ್ಕಾರಗಳು.

ಇದು ಸ್ಥೂಲವಾದ ಲೆಕ್ಕ. ಇಳಿಯುವಾಗಲೂ ಸ್ನಾಯು ದುಡಿಯುತ್ತದೆ. ರಕ್ತವು ಶಾಖವನ್ನು ಬೇರೆಡೆಗೂ ಒಯ್ಯುತ್ತದೆ. ಆದರೂ ಎರಡು ಸುತ್ತು ಹಾಕಿ ‘ಮೈ ಕಾಯಿತು’ ಎನ್ನುವುದು ಆತ್ಮವಂಚನೆಯೆಂಬುದು ಸ್ಪಷ್ಟ. ಎಂಟು ಹತ್ತು ನಿಮಿಷಗಳು ಬೇಕೇ ಬೇಕು. ಕಾಲನ್ನು ಚಾಚಿ ಅಲುಗದೆ ಹಿಡಿದಿರುವುದು ಇದಕ್ಕೆ ಬದಲಾಗದು. ಅಲುಗದ ಸ್ನಾಯು ಹೆಚ್ಚು ಶಾಖವನ್ನು ಹುಟ್ಟಿಸದು. ಒಂದು ನಿಮಿಷಕ್ಕೆ ಮೀರಿ ಹಿಡಿದರೆ ಅದರ ಬಲವೂ ಕೆಲಕಾಲ ತುಸು ತಗ್ಗುತ್ತದೆ.

2008ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನವೊಂದರಲ್ಲಿ, ಓಟ, ಬಲ, ಸಮತೋಲಗಳನ್ನೊಳಗೊಂಡ ಇಪ್ಪತ್ತು ನಿಮಿಷಗಳ ಪೂರ್ವಸಿದ್ಧತೆಯನ್ನು ಪಾಲಿಸಿದ ಫುಟ್‌ಬಾಲ್ ತಂಡಗಳ ಹುಡುಗಿಯರಲ್ಲಿ ಗಾಯಗಳು ಸುಮಾರು ಮೂರನೆಯ ಒಂದು ಪಾಲು ಕಡಮೆಯಾಗಿದ್ದವು.

ಆಟದ ಅವಧಿಯೇ ಚಿಕ್ಕದು, ಅದರಲ್ಲಿ ಹತ್ತು ನಿಮಿಷವನ್ನು ಕಳೆಯುವುದೆ ಎಂದು ಕೇಳುವವರುಂಟು. ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವ ರೈತನು ಆ ಹೊತ್ತು ಕಳೆದುಹೋಯಿತೆಂದು ಕೊರಗುವುದಿಲ್ಲ. ಕಾದ ಮೈ ಕಾಲು ಗಂಟೆಯಲ್ಲಿ ತಣಿಯತೊಡಗುತ್ತದೆ. ಆದುದರಿಂದ ವ್ಯಾಯಾಮ ಶಿಕ್ಷಕರು ಓಟಗಾರರನ್ನು ಹತ್ತು ನಿಮಿಷ ಮೊದಲೇ ಎಬ್ಬಿಸಲಿ. ಅವರು ಎಬ್ಬಿಸದಿದ್ದರೆ, ವಿದ್ಯಾರ್ಥಿಮಿತ್ರರೆ, ನೀವೇ ಎದ್ದು ಮೈದಾನದ ಅಂಚಿಗೆ ನಡೆಯಿರಿ.